ಮಾವನ ರುಮಾಲು

ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿಯುತ್ತಿದ್ದ ನನ್ನ ಸೋದರಮಾವ, ಅಲ್ಲಿನ ಬಿಳಿಯ ಸಾಹೇಬರ ಮನೆಯಿಂದ ಒಂದು ಹರಿದ ಇಂಗ್ಲಿಷ್ ಚಿತ್ರಪುಸ್ತಕ ತಂದುಕೊಟ್ಟಿದ್ದ. ಆಕಾಶದಲ್ಲಿ ಹಾರುವ ವೀರನ ಕಥೆ. ಓದಲು ಇಬ್ಬರಿಗೂ ಬರುತ್ತಿರಲಿಲ್ಲ. ಚಿತ್ರ ನೋಡಿ ಮಾವ ನಗುತ್ತಿದ್ದ: “ಅಲ್ಲಲೇ, ರುಮಾಲು ತಲಿಗೆ ಸುತ್ತೋದು ಬಿಟ್ಟು ಬೆನ್ನಿಗೆ ಇಳಿಬಿಟ್ಟಾನಲ್ಲ, ಎಂಥ ಹುಚ್ಚಖೋಡಿ ಇಂವ!”

ನಿಜಾಮನ ಆಳ್ವಿಕೆ ಮುಗಿದ ಮರುವರ್ಷದ ಮಳೆಗಾಲ. ಲಿಂಗಸುಗೂರಿನಿಂದ ಮಸ್ಕಿಗೆ ನಾವಿಬ್ಬರೇ ಹೊರಟಿದ್ದ ಬಂಡಿ ಹಳ್ಳದ ನಡುವೆ ಇದ್ದಾಗ ಕೆಂಪು ನೀರು ಒಮ್ಮೆಲೇ ಏರಿತು. ಮಾವ ತಲೆಯ ರುಮಾಲು ಬಿಚ್ಚಿ ನನ್ನನ್ನು ಬೆನ್ನಿಗೆ ಬಿಗಿದುಕೊಂಡ. “ಕಣ್ಣ ಮುಚ್ಚಿಕೊಳಲೇ, ಹಾರಾಕತ್ತೀವಿ ಅನಕೋ” ಎಂದ. ದಂಡೆಗೆ ಇಳಿಸಿ, ರುಮಾಲನ್ನು ನನ್ನ ಕೈಗೆ ಕೊಟ್ಟು, ಎತ್ತುಗಳನ್ನು ನೊಗದಿಂದ ಬಿಡಿಸಲು ಮತ್ತೆ ನೀರಿಗಿಳಿದ. ಎತ್ತುಗಳು ಈಜಿ ಬಂದವು. ಮಾವ ಬರಲಿಲ್ಲ.

ಕಾಲೇಜು ಸೇರಿ ಇಂಗ್ಲಿಷ್ ಕಲಿತ ಮೇಲೆ ಆ ವೀರನ ಕಥೆಗಳನ್ನು ಓದಿದೆ. ಮಂದಿಗೆ ಅವನು ಎಂದೂ ಸಾಕೆನಿಸಲಿಲ್ಲ. ಸಿನಿಮಾಕ್ಕೆ ಬಂದ, ಟೀವಿಗೆ ಬಂದ, ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಮಾರುವ ಬಲೂನುಗಳ ಮೇಲೂ ಬಂದ. ಎಲ್ಲಿ ಕಂಡರೂ ನನ್ನ ಕಿವಿಯಲ್ಲಿ ಹಳ್ಳ ಭೋರ್ಗರೆಯುತ್ತದೆ. ಆದರೂ ಮಾವನ ಬೆನ್ನಿನ ಬಿಸಿ ನೆನಪಾಗಲಿ ಎಂದು ನಿಂತು ನೋಡುತ್ತೇನೆ.

ಮೊನ್ನೆ ಮೊಮ್ಮಗಳು ತನ್ನ ಶಾಲೆಯ ಚೀಲದ ಮೇಲಿದ್ದ ಆ ವೀರನನ್ನು ತೋರಿಸಿ ಕೇಳಿದಳು: “ಮುತ್ಯಾ, ಇಂವಗ ಬೆನ್ನ ಮ್ಯಾಲೆ ಈ ಅರಿವಿ ಯಾಕ?”

“ಹುಡುಗರನ್ನ ಕಟಗೊಂಡು ಹಳ್ಳ ದಾಟಾಕವ್ವಾ” ಎಂದೆ.