ಪೀಪಾಯಿಗೆ ಹಾಕಿದ ರಾಗಿ

ನಿವೃತ್ತಿಯ ದಿನ ನನ್ನ ಗಂಡನಿಗೆ ಆಫೀಸಿನವರು ಕೊಟ್ಟದ್ದು ಮನೆಯಲ್ಲೇ ಬಿಯರ್ ಮಾಡುವ ಒಂದು ಕಿಟ್. ರಟ್ಟಿನ ಪೆಟ್ಟಿಗೆಯೊಳಗೆ ಎರಡು ಗ್ಯಾಲನ್ ಹಿಡಿಯುವ ಪ್ಲಾಸ್ಟಿಕ್ ಪೀಪಾಯಿ, ಮೊಳಕೆ ಬಾರ್ಲಿಯಿಂದ ತೆಗೆದ ಒಂದು ಡಬ್ಬಿ ಮಾಲ್ಟ್ ಪಾಕ, ಒಂದು ಪೊಟ್ಟಣ ಯೀಸ್ಟ್, ಒಂದು ಪ್ಯಾಕೆಟ್ ಸಕ್ಕರೆ. ಅದನ್ನು ಬಿಚ್ಚುವ ಮೊದಲೇ ಇವರ ಗಂಟಲಲ್ಲಿ ಗಡ್ಡೆ ಇರುವುದು ಗೊತ್ತಾಯಿತು. ಏಳು ವಾರ ಹ್ಯೂಸ್ಟನ್ನಿನ ಆಸ್ಪತ್ರೆಯಲ್ಲಿ ರೇಡಿಯೇಶನ್ ಆಯಿತು. ಆ ಏಳು ವಾರ ನಾವು ಊರಾಚೆಯ ಕೇಟಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೆವು. ಮಾರ್ಚ್ ಕೊನೆಗೆ ಆಸ್ಟಿನ್ ಹತ್ತಿರದ ಜಾರ್ಜ್‌ಟೌನಿನ ನಮ್ಮ ಮನೆಗೆ ಹಿಂತಿರುಗಿದಾಗ ಗಡ್ಡೆ ಇರಲಿಲ್ಲ. ಬಾಯಿಗೆ ರುಚಿಯೂ ಇರಲಿಲ್ಲ.

ನಾನು ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದವಳು. ಮೈಸೂರಿನಲ್ಲಿ ಕಲಿಯುವಾಗ ಹಾಸಿಗೆಯ ಚಾದರದ ಮೂಲೆ ಸರಿಯಾಗಿ ಮಡಿಚಿಲ್ಲವೆಂದು ಇಡೀ ಹಾಸಿಗೆಯನ್ನು ಕಿತ್ತು ಮತ್ತೆ ಹಾಸಿಸುತ್ತಿದ್ದರು. ಆ ಶಿಸ್ತು ಮೈಗೆ ಹತ್ತಿದ್ದು ಹೋಗಲೇ ಇಲ್ಲ. ಆಸ್ಪತ್ರೆಯವರು ಕೊಟ್ಟ ಕಾಗದವನ್ನು ಬಂದ ದಿನವೇ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಖಾರ ಬೇಡ, ಹುಳಿ ಬೇಡ, ಗಟ್ಟಿ ಪದಾರ್ಥ ಬೇಡ. ಎರಡು ಗಂಟೆಗೊಮ್ಮೆ ಆಹಾರ, ಪ್ರತಿ ಸೋಮವಾರ ಬೆಳಿಗ್ಗೆ ತೂಕ. ಹುಣಸೆಹಣ್ಣಿನ ಭರಣಿಯನ್ನು ಮೇಲಿನ ಗೂಡಿಗೆ ಎತ್ತಿಟ್ಟೆ. ನಿಂಬೆಹಣ್ಣು ತರುವುದನ್ನು ಬಿಟ್ಟೆ.

ಅವರು ಗಂಜಿ ಕುಡಿದರು, ಪೊಂಗಲ್ ನುಂಗಿದರು, ಹಾಲಿನಲ್ಲಿ ಕಲಸಿದ ಅನ್ನ ತಿಂದರು. ಯಾವುದಕ್ಕೂ ಬೇಡ ಎನ್ನಲಿಲ್ಲ. ನಾಲ್ಕು ತುತ್ತಿನ ಮೇಲೆ ಚಮಚ ಕೆಳಗಿಡುತ್ತಿದ್ದರು ಅಷ್ಟೆ. ಹೇಗಿದೆ ಎಂದು ಕೇಳಿದರೆ, "ಬಿಸಿ ಇದೆ" ಎನ್ನುತ್ತಿದ್ದರು. ನೂರ ಐವತ್ತೆಂಟು ಪೌಂಡ್ ಇದ್ದವರು ಮೇ ತಿಂಗಳಲ್ಲಿ ನೂರ ಇಪ್ಪತ್ತೆರಡಕ್ಕೆ ಇಳಿದರು. ತಿಂಗಳಿಗೊಮ್ಮೆ ಹ್ಯೂಸ್ಟನ್ನಿಗೆ ತೋರಿಸಲು ಹೋಗಬೇಕಿತ್ತು. ನೂರ ಹದಿನೈದಕ್ಕಿಂತ ಕೆಳಗೆ ಹೋದರೆ ಹೊಟ್ಟೆಗೆ ನಳಿಕೆ ಹಾಕುವುದಾಗಿ ಡಾಕ್ಟರು ಹೇಳಿದರು. ಎಷ್ಟೋ ಜನರಿಗೆ ಆ ನಳಿಕೆಯಿಂದ ಆಹಾರ ಕೊಟ್ಟವಳು ನಾನು. ಬಾಯಿಂದ ತಿನ್ನುವುದನ್ನು ಒಮ್ಮೆ ಬಿಟ್ಟವರಲ್ಲಿ ಕೆಲವರು ಮತ್ತೆ ಆ ಅಭ್ಯಾಸಕ್ಕೆ ಬರುವುದೇ ಇಲ್ಲ. ಅದನ್ನು ಅವರಿಗೆ ನಾನು ಹೇಳಲಿಲ್ಲ.

ಮೊದಲೆಲ್ಲ ಶನಿವಾರ ಮಧ್ಯಾಹ್ನ ಒಂದು ಬಿಯರ್ ಕುಡಿದರೆ ಅವರಿಗೆ ಚೆನ್ನಾಗಿ ಹಸಿವಾಗುತ್ತಿತ್ತು. ಡಾಕ್ಟರನ್ನು ಕೇಳಿದೆ. ಹಸಿವಾಗುವುದಾದರೆ ಊಟಕ್ಕೆ ಮೊದಲು ಎರಡು ಗುಟುಕು ಅಡ್ಡಿಯಿಲ್ಲ ಎಂದರು. ಅಂಗಡಿಯಿಂದ ತಂದದ್ದನ್ನು ಇವರು ನೀರಿನಂತಿದೆ ಎಂದು ತಳ್ಳಿದರು. ಆಗ ಆ ಪೆಟ್ಟಿಗೆ ನೆನಪಾಯಿತು.

ಸೂಚನೆಯಲ್ಲಿದ್ದಂತೆಯೇ ಮಾಡಿದೆ. ಪಾಕವನ್ನು ಬಿಸಿನೀರಿನಲ್ಲಿ ಕರಗಿಸಿ, ಸಕ್ಕರೆ ಸೇರಿಸಿ, ಆರಿಸಿ, ಯೀಸ್ಟ್ ಉದುರಿಸಿದೆ. ಚಮಚ, ಪಾತ್ರೆ, ಪೀಪಾಯಿ, ಬಾಟಲಿ, ಎಲ್ಲವನ್ನೂ ಆಪರೇಶನ್ ಥಿಯೇಟರಿನವೇನೋ ಎಂಬಂತೆ ತೊಳೆದೆ. ಐದು ವಾರದ ಮೇಲೆ ಅವರು ಒಂದು ಗುಟುಕು ಕುಡಿದು, "ತಣ್ಣಗಿದೆ" ಎಂದರು.

ಪಕ್ಕದ ಮನೆಯಲ್ಲಿ ಧಾರವಾಡದ ಹುಡುಗಿಯೊಬ್ಬಳಿದ್ದಳು. ಕಂಪ್ಯೂಟರ್ ಚಿಪ್ ಕಂಪನಿಯಲ್ಲಿ ಇಂಜಿನಿಯರು, ಮದುವೆಯಾಗಿ ಮೂರು ವರ್ಷ. ಅವಳ ಗ್ಯಾರೇಜಿನಲ್ಲಿ ಇಂಥ ಪೀಪಾಯಿಗಳು ನಾಲ್ಕಿದ್ದವು. ನನ್ನ ಬಿಯರ್ ರುಚಿ ನೋಡಿ ಮುಖ ಕಿವುಚಿದಳು.

"ಆಂಟಿ, ಆ ಸಕ್ರಿ ಪಾಕೀಟ ಹಾಕಿದ್ರೇನ್ರಿ?"

"ಹಾಕು ಅಂತ ಬರೆದಿತ್ತು."

"ಬರದಿರ್ತಾರ‍್ರಿ. ಅದನ್ನ ಹಾಕಿದ್ರ ನೀರ ಕುಡದಂಗ ಆಗತದ. ಅದರ ಬದ್ಲಿ ಮಾಲ್ಟ್ ಪುಡಿ ಹಾಕ್ರಿ. ಕೊನೀಗೆ ಒಂದು ಹಿಡಿ ಹಾಪ್ಸ್ ಹಾಕ್ರಿ, ಛಲೋ ಕಹಿ ಬರತದ."

"ನೀನೂ ಕುಡೀತೀಯಾ?"

"ನಾ ಮಾಡ್ತೀನ್ರಿ. ಕುಡಿಯಾಂವ ನನ್ನ ಗಂಡ. ಅಂವಗ ಮಾಡಾಕ ಬರಂಗಿಲ್ಲ."

ಹಾಪ್ಸ್ ಎಂದರೆ ಒಣಗಿದ ಹಸಿರು ಹೂವು, ಬೇವಿನಷ್ಟೇ ಕಹಿ. ಅವಳೇ ಆಸ್ಟಿನ್ನಿನ ಅಂಗಡಿಯಿಂದ ಅದನ್ನೂ ಮಾಲ್ಟ್ ಪುಡಿಯನ್ನೂ ಹುರಿದ ಬಾರ್ಲಿಯನ್ನೂ ತಂದುಕೊಟ್ಟಳು. ಬಾರ್ಲಿಯನ್ನು ಬಟ್ಟೆಯಲ್ಲಿ ಕಟ್ಟಿ ಅರ್ಧ ಗಂಟೆ ಬಿಸಿನೀರಿನಲ್ಲಿ ಇಳಿಬಿಡಬೇಕು. ಪಾಕ ಕುದಿಯುವ ಕೊನೆಯ ಹತ್ತು ನಿಮಿಷದಲ್ಲಿ ಹೂವನ್ನು ಹಾಕಬೇಕು. ಜೂನ್ ತಿಂಗಳ ಸೆಕೆಗೆ ಗ್ಯಾರೇಜು ಒಲೆಯಂತಾಗುತ್ತದೆ, ಯೀಸ್ಟಿಗೆ ಅದು ಆಗದು. ಪೀಪಾಯಿಯನ್ನು ಅತಿಥಿಗಳ ಬಚ್ಚಲಿನ ಟಬ್ಬಿನೊಳಗೆ ನೀರಿನಲ್ಲಿ ಇರಿಸಿ, ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಒಂಬತ್ತಕ್ಕೆ ಐಸಿನ ಬಾಟಲಿ ಬದಲಾಯಿಸಿದೆ. ಬಾಗಿಲಿಗೆ ಚಾರ್ಟ್ ಅಂಟಿಸಿ ನೀರಿನ ಉಷ್ಣತೆ ಬರೆದಿಟ್ಟೆ.

ಅದನ್ನು ನೋಡಿ ಇವರು, "ಸಿಸ್ಟರ್, ಪೇಶೆಂಟ್ ಹೇಗಿದಾರೆ?" ಎಂದರು.

"ನಿಮಗಿಂತ ಮೇಲು. ಕೊಟ್ಟಿದ್ದನ್ನ ತಿಂದು ಗುಳುಗುಳು ಅಂತಿದೆ."

"ಹಂಗಾದ್ರೆ ನಳಿಕೆ ಅದಕ್ಕೇ ಹಾಕ್ಸು."

ಇಬ್ಬರೂ ನಗಲಿಲ್ಲ. ಆ ದಿನಗಳಲ್ಲಿ ನನಗೆ ಕೂತಲ್ಲಿ ಕಣ್ಣು ಮುಚ್ಚುತ್ತಿತ್ತು. ಎರಡು ಗಂಟೆಗೊಮ್ಮೆ ಏನಾದರೂ ಬೇಯಿಸುವುದು, ಅದನ್ನು ಎತ್ತಿ ಚೆಲ್ಲುವುದು, ಪಾತ್ರೆ ತೊಳೆಯುವುದು, ಮತ್ತೆ ಬೇಯಿಸುವುದು. ಕೆಲಸ ಹೆಚ್ಚೆಂದು ದಣಿದವಳಲ್ಲ. ವಾರ್ಡಿನಲ್ಲಿ ಇದರ ಹತ್ತರಷ್ಟು ಮಾಡಿದ್ದೇನೆ. ಅಲ್ಲಿ ಡ್ಯೂಟಿ ಮುಗಿದ ಮೇಲೆ ಇನ್ನೊಬ್ಬಳು ಬರುತ್ತಿದ್ದಳು.

ಎರಡನೆಯ ಬಿಯರ್ ಬಣ್ಣಕ್ಕೆ ಕಾಫಿ ಡಿಕಾಕ್ಷನ್ನಿನಂತಿತ್ತು. ಪಕ್ಕದ ಮನೆಯವಳು, "ಅಂಗಡೀದಕ್ಕಿಂತ ಭಾರಿ ಆಗೇದ್ರಿ" ಎಂದಳು. ಇವರು ನಾಲಿಗೆಯ ಮೇಲೆ ಹೊರಳಿಸಿ ಲೋಟವನ್ನು ನನ್ನ ಕಡೆಗೆ ಸರಿಸಿದರು. ಆ ಸೋಮವಾರ ತೂಕ ನೂರ ಹದಿನೇಳು.

ಮೂರನೆಯ ಬಾರಿಯ ಬಿಯರಿಗೆ ರಾಗಿ ಹಾಕುವ ಯೋಚನೆ ಅವರದೇ. "ಮಾಲ್ಟು ಮಾಲ್ಟು ಅಂತೀಯಲ್ಲ, ಮಗಳು ಚಿಕ್ಕವಳಿದ್ದಾಗ ಮಾಡ್ತಿದ್ದೆಯಲ್ಲ ರಾಗಿದು, ಅದೇನು ಪಾಪ ಮಾಡಿತ್ತು?" ಎಂದರು. ಎಷ್ಟೋ ದಿನಗಳ ಮೇಲೆ ಅವರಾಗಿಯೇ ಒಂದು ತಿನ್ನುವ ಪದಾರ್ಥದ ಹೆಸರು ಹೇಳಿದ್ದರು. ಆಸ್ಟಿನ್ನಿಗೆ ಹೋಗಿ ರಾಗಿ ತಂದೆ. ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಹಿತ್ತಲಲ್ಲಿ ಎರಡು ದಿನ ಒಣಗಿಸಿದೆ. ಟೆಕ್ಸಾಸಿನ ಬಿಸಿಲಿನಿಂದ ನನಗೆ ಆದ ಉಪಕಾರ ಅದೊಂದೇ. ಮಿಕ್ಸಿಯಲ್ಲಿ ಪುಡಿ ಮಾಡಿ, ಜರಡಿ ಹಿಡಿದು, ಆರಿದ ಪಾಕಕ್ಕೆ ಯೀಸ್ಟಿನ ಜೊತೆಯಲ್ಲೇ ಎರಡು ಬಟ್ಟಲು ಬೆರೆಸಿದೆ.

ಎರಡು ವಾರವಾದ ಮೇಲೆ ಮುಚ್ಚಳ ತೆಗೆದರೆ ಮೇಲೆ ಬಿಳಿಯ ಕೆನೆ. ಮೊಸರಿನ ವಾಸನೆ. ಪಕ್ಕದ ಮನೆಯವಳನ್ನು ಕರೆದೆ.

"ಆಂಟಿ, ರಾಗಿ ಹಿಟ್ಟು ಕುದಿಸಿದ್ರಿಲ್ಲೋ?"

"ಇಲ್ಲ. ಮನೇಲೇ ಮಾಡಿದ್ದು. ಶುದ್ಧವಾಗಿದೆ."

"ಅಯ್ಯ, ಚಮಚಾ ಕುದಿಸ್ತೀರಿ, ರಾಗಿ ಹಂಗ ಹಾಕ್ತೀರಿ. ಮೊಳಕಿಯೊಳಗ ಏನೇನಿರ್ತದೋ. ಅಂಬಲಿ ಹುಳಿ ಬಂದಂಗ ಬಂದದ ನೋಡ್ರಿ."

ವಾರ್ಡಿನಲ್ಲಿ ಕೈತೊಳೆಯದೆ ಹಾಸಿಗೆ ಮುಟ್ಟಿದ ನರ್ಸ್ ಹುಡುಗಿಯರನ್ನು ನಿಲ್ಲಿಸಿ ಬೈದವಳು ನಾನು. ನನ್ನ ಅಡುಗೆಮನೆಯ ಹಿಟ್ಟಿನಲ್ಲೂ ಏನಾದರೂ ಇರಬಹುದೆಂದು ನನಗೆ ಹೊಳೆಯಲಿಲ್ಲ. ಪೀಪಾಯಿಯನ್ನು ಸಿಂಕಿಗೆ ಬಗ್ಗಿಸಿದೆ.

ಇವರು ಬಂದು ಪಕ್ಕದಲ್ಲಿ ನಿಂತರು. "ಎಲ್ಲಾ ಚೆಲ್ತೀಯಾ? ಒಂದು ಚಮಚ ಕೊಡು."

"ಹಾಳಾಗಿದೆ ರೀ."

"ಇಷ್ಟು ದಿನ ಕೊಟ್ಟಿದ್ದೆಲ್ಲ ಸರಿಯಾಗಿತ್ತಲ್ಲ. ಹಾಳಾಗಿದ್ದೂ ಒಂದ್ಸಲ ನೋಡ್ತೀನಿ."

ಹಿಂದಿನ ವಾರದ ರಕ್ತಪರೀಕ್ಷೆ ಚೆನ್ನಾಗಿತ್ತು. ಅದನ್ನು ಮನಸ್ಸಿನಲ್ಲೇ ಒಮ್ಮೆ ನೋಡಿಕೊಂಡು, ಒಂದೇ ಚಮಚ ಕೊಟ್ಟೆ. ಅವರ ಒಂದು ಕಣ್ಣು ಮುಚ್ಚಿಕೊಂಡಿತು. ಕೆನ್ನೆ ಒಳಕ್ಕೆ ಎಳೆದುಕೊಂಡಿತು.

"ಹುಳಿ," ಎಂದರು.

"ಏನಂದ್ರಿ?"

"ಹುಳಿ ಕಣೇ. ಹುಳಿ ಇದೆ."

ಇನ್ನೊಂದು ಚಮಚ ಕೇಳಿದರು. ಕೊಡಲಿಲ್ಲ. ಉಳಿದದ್ದನ್ನು ಪೂರ್ತಿ ಚೆಲ್ಲಿ, ನೀರು ಬಿಟ್ಟು, ಫ್ರಿಜ್ಜಿನ ಹತ್ತಿರ ಹೋಗಿ ಆ ಕಾಗದ ಓದಿದೆ. ಹುಳಿ ಬೇಡ ಎಂಬುದರ ಮುಂದೆ ಸಣ್ಣ ಅಕ್ಷರದಲ್ಲಿ ಇನ್ನೂ ಮೂರು ಮಾತುಗಳಿದ್ದವು. ಬಾಯಿಯ ಹುಣ್ಣು ಮಾಯುವವರೆಗೆ. ರೇಡಿಯೇಶನ್ನಿನಿಂದಾದ ಆ ಹುಣ್ಣು ಮೇ ತಿಂಗಳಲ್ಲೇ ಮಾಯ್ದಿತ್ತು. ದಿನಾ ಟಾರ್ಚ್ ಹಿಡಿದು ನೋಡಿ, ಮಾಯ್ದಿದೆ ಎಂದು ಬರೆದುಕೊಂಡವಳೂ ನಾನೇ. ಈಗ ಆಗಸ್ಟ್. ಮೂರು ತಿಂಗಳು ಅವರಿಗೆ ಹಾಲನ್ನ ಉಣಿಸಿದ್ದೆ.

"ನೀವಾದ್ರೂ ಕೇಳ್ಬಾರದಾ, ಸಾರು ಬೇಕು ಅಂತ?"

"ನಿನ್ನ ಲಿಸ್ಟಲ್ಲಿ ಇರ್ಲಿಲ್ಲ."

ಹಂಗಿಸಿದ್ದಲ್ಲ. ನಿಜವಾಗಿ ಹಾಗೆಯೇ ತಿಳಿದಿದ್ದರು. ನಾನು ಹೇಳಿದ್ದೆಲ್ಲ ಡಾಕ್ಟರು ಹೇಳಿದ್ದೆಂದು ನಲವತ್ತು ವರ್ಷದಿಂದ ನಂಬಿದವರು. ಸ್ಟೂಲ್ ಹತ್ತಿ ಹುಣಸೆಯ ಭರಣಿ ಇಳಿಸಿದೆ. ತಿಳಿಸಾರಿಗೆ ಮೊದಲು ಎಷ್ಟು ಹಾಕುತ್ತಿದ್ದೆನೋ ಅದರ ಎರಡರಷ್ಟು ಕಿವುಚಿದೆ. ಅವರು ಎಂಟು ತುತ್ತು ತಿಂದರು. ಬಾಯಿ ಉರಿಯುತ್ತದೆಯೇ ಎಂದು ಕೇಳಿದೆ. ಸ್ವಲ್ಪ ಉರಿಯುತ್ತದೆ, ಇರಲಿ ಎಂದರು. ಒಗ್ಗರಣೆಯ ರುಚಿ, ಬೇಳೆಯ ರುಚಿ ಯಾವುದೂ ಗೊತ್ತಾಗಲಿಲ್ಲವಂತೆ. ಹುಳಿಯೊಂದೇ.

ಹ್ಯೂಸ್ಟನ್ನಿಗೆ ಹೋಗಲು ಒಂಬತ್ತು ದಿನ ಉಳಿದಿತ್ತು. ಆ ಒಂಬತ್ತು ದಿನ ಮಜ್ಜಿಗೆಹುಳಿ, ನಿಂಬೆಹಣ್ಣಿನ ಚಿತ್ರಾನ್ನ, ಗೊಜ್ಜು, ಹುಳಿ ಮೊಸರು. ಮನೆಯ ತೂಕದ ಯಂತ್ರದ ಮೇಲೆ ಅವರನ್ನು ನಿಲ್ಲಿಸುವ ಧೈರ್ಯ ನನಗೆ ಆ ಸೋಮವಾರ ಬರಲಿಲ್ಲ. ತೂಕದ ಚಾರ್ಟಿನಲ್ಲಿ ಆ ದಿನದ ಚೌಕ ಖಾಲಿ ಉಳಿಯಿತು.

ಆಸ್ಪತ್ರೆಯಲ್ಲಿ ಶೂ ಬಿಚ್ಚಿ ನಿಂತರು. ನೂರ ಹದಿನಾರು. ಹಿಂದಿನ ತಿಂಗಳೂ ಅಲ್ಲಿ ನೂರ ಹದಿನಾರೇ ಇತ್ತು. ಡಾಕ್ಟರು ಎರಡು ಅಂಕಿಗಳನ್ನೂ ನೋಡಿ, ಇಳಿಯುವುದು ನಿಂತಿದೆ, ನಳಿಕೆಯ ಮಾತು ಇನ್ನೊಂದು ತಿಂಗಳು ಬೇಡ ಎಂದರು. ಏನು ಬದಲಾಯಿಸಿದಿರಿ ಎಂದು ನನ್ನನ್ನು ಕೇಳಿದರು. ಕಾಗದವನ್ನು ಪೂರ್ತಿ ಓದಿದೆ ಎಂದೆ.

ವಾಪಸ್ ಬರುವಾಗ ಕೇಟಿ ದಾಟಿದ ಮೇಲೆ ಕಾರನ್ನು ಒಂದು ಪೆಟ್ರೋಲ್ ಬಂಕಿನ ನೆರಳಿಗೆ ನಿಲ್ಲಿಸಿದೆ. ಮಧ್ಯಾಹ್ನ ಒಂದಕ್ಕೆ ಕೊಡಬೇಕಾದ ಆಹಾರಕ್ಕೆ ಆಗಲೇ ಇಪ್ಪತ್ತು ನಿಮಿಷ ತಡವಾಗಿತ್ತು. ಗೊಜ್ಜವಲಕ್ಕಿಯ ಡಬ್ಬಿ ತೆರೆದು ಅವರ ಕೈಗೆ ಕೊಟ್ಟೆ. ಎಷ್ಟು ತುತ್ತು ಎಂದು ಎಣಿಸತೊಡಗಿದೆ. ಮೂರು, ನಾಲ್ಕು. ಮುಂದಿನದು ನೆನಪಿಲ್ಲ. ಸ್ಟಿಯರಿಂಗಿಗೆ ಹಣೆ ಕೊಟ್ಟು ನಿದ್ದೆ ಹೋಗಿದ್ದೆ. ಎದ್ದಾಗ ಮೂರು ಗಂಟೆ ದಾಟಿತ್ತು. ಅವರು ಏಸಿ ನನ್ನ ಕಡೆಗೆ ತಿರುಗಿಸಿ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಾ ಕುಳಿತಿದ್ದರು. ಎಷ್ಟು ತಿಂದಿರಿ ಎಂದು ಕೇಳಿದೆ.

"ನಿಧಾನಕ್ಕೆ ತಿಂತಿದೀನಿ," ಎಂದರು. "ನೀನು ಇನ್ನೂ ಸ್ವಲ್ಪ ಮಲಗು."

ಮಲಗಿದೆ.