ಚೊಚ್ಚಲ ಬಸುರಿನ ಉರಿ

ನನಗೆ ಮೊದಲೇ ಕೂತಲ್ಲಿ ಕೂರುವ ಸ್ವಭಾವವಿಲ್ಲ. ಅಂಥವಳನ್ನು ಆರು ತಿಂಗಳ ಬಸುರಿನಲ್ಲಿ ಹೊರಸಿನ ಮೇಲೆ ಅಂಗಾತ ಮಲಗಿಸಿ, ಕಾಲ ಕಡೆಗೆ ಕಲ್ಲು ಕೊಟ್ಟು ಎತ್ತರಿಸಿ, ಮಿಸುಕಬೇಡ ಅಂದರು. ಆಗ ನಿಜಾಮರ ಕಾಲ, ಗದ್ವಾಲ ಸೀಮೆಯ ಧರೂರಿನ ಹತ್ತಿರ ನಮ್ಮ ಊರು. ಗಂಡ ಕುರಿ ಹಿಂಡಿನ ಜೊತೆ ಕೃಷ್ಣೆ ದಾಟಿ ಮಕ್ತಲ್ ಕಡೆಗೆ ಹೋಗಿದ್ದ. ಮನೆಯಲ್ಲಿ ನಾನು, ಅತ್ತೆ, ಇಬ್ಬರೇ.

ಮೊದಲು ಶುರುವಾದದ್ದು ಉರಿ. ಉಚ್ಚೆಗೆ ಹೋಗಿ ಬಂದು ಕೂರುವಷ್ಟರಲ್ಲಿ ಮತ್ತೆ ಏಳಬೇಕು. ಹೋದರೆ ನಾಲ್ಕು ಹನಿ, ಅದೂ ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ. ಬಸುರಿ ಒಬ್ಬಳೇ ಊರಾಚೆ ಹೋಗಬಾರದೆಂದು ಅತ್ತೆ ಪ್ರತಿ ಸಲವೂ ಜೊತೆಗೆ ಬರುತ್ತಿದ್ದಳು, ದಾರಿಯುದ್ದಕ್ಕೂ ಗೊಣಗುತ್ತಿದ್ದಳು. ಒಂದು ಬೆಳಿಗ್ಗೆ ಸೀರೆಗೆ ರಕ್ತವಾಯಿತು. ಗೊಣಗಾಟ ನಿಂತೇ ಹೋಯಿತು.

ಸೂಲಗಿತ್ತಿ ನೋಡಿ, ಗರ್ಭ ಜಾರುತ್ತಿದೆ, ಏಳಿಸಬೇಡಿ, ನೀರು ಕೊಟ್ಟಷ್ಟೂ ರಕ್ತ ಹರಿಯುತ್ತದೆ ಅಂದಳು. ಅತ್ತೆ ನನ್ನ ಹಣೆಗೆ ಮೈಲಾರಲಿಂಗನ ಭಂಡಾರ ಹಚ್ಚಿ, ನೀರಿನ ಕೊಡವನ್ನು ಹೊರಗಿಟ್ಟಳು. ಬಾಯಿ ಒಣಗಿದರೆ ಒದ್ದೆ ಬಟ್ಟೆಯಿಂದ ತುಟಿ ಒರೆಸುವಳು, ಅಷ್ಟೇ. ಅಂಥ ಉರಿಯಲ್ಲಿ ಮಿಸುಕದೆ ಮಲಗುವುದು ಹೇಗೆ? ಮಿಸುಕಿದರೆ ಕೂಸು ಹೋಗುತ್ತದಲ್ಲ ಎಂಬ ಹೆದರಿಕೆಗೆ ಹಲ್ಲು ಕಚ್ಚಿ ಬಿದ್ದುಕೊಂಡೆ. ಆಮೇಲೆ ಜ್ವರವೂ ಬಂತು. ಕೂಸು ಅಲುಗಾಡಿದ್ದು ತಿಳಿಯದಾಯಿತು. ನನಗೆ ತಲೆಕೆಟ್ಟುಹೋಯಿತು. ಎದ್ದು ಹೊರಗೆ ಹೋಗಿ ಕೊಡದಲ್ಲಿ ಚೆಂಬು ಮುಳುಗಿಸಿ ಗಟಗಟನೆ ಕುಡಿದೆ.

“ಸತ್ರ ಹಾದ್ಯಾಗ ಸಾಯ್ತೀನ್ರೀ ಅತ್ತಿ. ನನ್ನ ಗದ್ವಾಲದ ದವಾಖಾನಿಗೆ ಕರ್ಕೊಂಡು ನಡೀರಿ.”

ಅತ್ತೆ ಬೈಯಲಿಲ್ಲ, ಬಂಡಿ ಕಟ್ಟಿಸಿದಳು. ದಾರಿಯಲ್ಲಿ ಎಷ್ಟು ಸಲ ಬಂಡಿ ನಿಲ್ಲಿಸಿದೆನೋ. ಒಂದೊಂದು ಸಲವೂ ಅವಳು ಸೆರಗು ಹಿಡಿದು ಮರೆಮಾಡಿ ನಿಂತಳು.

ದವಾಖಾನೆಯ ಡಾಕ್ಟರಮ್ಮ ಹೊಟ್ಟೆಯ ಮೇಲೆ ಕಟ್ಟಿಗೆಯ ಕೊಳವೆಯಿಟ್ಟು ಕಿವಿಗೊಟ್ಟರು. ಕೂಸು ಚೆನ್ನಾಗಿದೆ ಎಂದು ತೆಲುಗಿನಲ್ಲಿ ಹೇಳಿದರು. ನನಗೆ ಅಳು ಒತ್ತರಿಸಿ ಬಂತು. ಆಮೇಲೆ ನಳಿಕೆಯಿಂದ ಉಚ್ಚೆ ತೆಗೆದು ನೋಡಿ, ರಕ್ತ ಗರ್ಭದ್ದಲ್ಲ, ಉಚ್ಚೆ ಚೀಲದ್ದು, ಅದು ಬಾತು ಒಳಗೆಲ್ಲ ಹುಣ್ಣಾಗಿದೆ ಅಂದರು. ಉರಿ ಎಷ್ಟೋ ಬಸುರಿಯರಿಗೆ ಬರುತ್ತದಂತೆ, ರಕ್ತ ಸುರಿಯುವಷ್ಟು ಬಾತುಕೊಳ್ಳುವುದು ಬಲು ಅಪರೂಪವಂತೆ. ಔಷಧಿ ಕೊಟ್ಟು, ಹೊಟ್ಟೆ ತುಂಬ ನೀರು ಕುಡಿ, ಎದ್ದು ಓಡಾಡು ಅಂದರು. ಅದನ್ನೆಲ್ಲ ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ.

ಅತ್ತೆ ಬಾಗಿಲಲ್ಲಿ ನಿಂತೇ ಇದ್ದಳು. ಅವಳ ಚೊಚ್ಚಲ ಕೂಸು ಹೊಟ್ಟೆಯಲ್ಲೇ ಹೋಗಿತ್ತೆಂದು ನನಗೆ ಗೊತ್ತಿತ್ತು. ಹೇಗೆಂದು ಯಾರೂ ಹೇಳಿರಲಿಲ್ಲ.

“ನನಗೂ ಹಿಂಗ ಉರೀತಿತ್ರೀ ಅಮ್ಮಾ,” ಅಂದಳು. “ನಾ ಸೂಲಗಿತ್ತಿ ಹೇಳಿದಂಗ ಅಲುಗಾಡದ ಮಲಗಿದ್ದೆ.”

ಡಾಕ್ಟರಮ್ಮನಿಗೆ ಕನ್ನಡ ಬರುತ್ತಿರಲಿಲ್ಲ. ಏನಂತೆ ಎಂದು ನನ್ನ ಮುಖ ನೋಡಿದರು. ಅದನ್ನು ತೆಲುಗಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ.