ದಳವಾಯಿಗೂ ಒಂದೆಲೆ

ಕೋಪದಲ್ಲಿ ಒಬ್ಬನನ್ನು ಕೊಂದುಬಿಟ್ಟೆ. ಗಾಬರಿಯಾಗಬೇಡಿ, ಕಥೆಯಲ್ಲಿ.

ಮಗ್ಗೆ ಅನ್ನುವ ಊರಿನ ಹತ್ತಿರ ನಮ್ಮದೊಂದು ಚಿಕ್ಕ ಕಾಫಿ ತೋಟ. ಹಣ್ಣು ಕೊಯ್ಯುವಾಗ ಆಳುಗಳ ಜೊತೆ ನಾನೂ ನಿಲ್ಲುತ್ತೇನೆ. ಕೈ ಕೊಯ್ಯುತ್ತಿದ್ದರೆ ಬಾಯಿ ಸುಮ್ಮನಿರುವುದಿಲ್ಲ. ಹಿಂದಿನ ಕೊಯ್ಲಿನಿಂದ ಒಂದು ಕಥೆ ಕಟ್ಟುತ್ತಿದ್ದೆ: ಮೋಡದ ಮೇಲೊಂದು ನಾಡು, ಹದ್ದಿನ ಬೆನ್ನೇರಿ ಯುದ್ಧ ಮಾಡುವ ಒಬ್ಬ ದಳವಾಯಿ. ಈ ಕೊಲೆಯಾದ ವರ್ಷ ದೀಪಾವಳಿಗೆ ಮುಂಚೆಯೇ ಹಣ್ಣು ಬಂತು. ಹೆಂಗಸರು ಬೆಳಗ್ಗೆಯಿಂದ "ಮುಂದೇನಾಯ್ತು, ಮುಂದೇನಾಯ್ತು" ಅಂತ ತಲೆ ತಿಂದರು. ರೇಗಿಹೋಗಿ, "ಬೆನ್ನಿಗೆ ಈಟಿ ಬಿತ್ತು, ಸತ್ತ" ಅಂದುಬಿಟ್ಟೆ.

ಪಕ್ಕದ ಗಿಡದಲ್ಲಿ ಕೊಯ್ಯುತ್ತಿದ್ದ ಅತ್ತಿಗೆಯ ಕೈ ನಿಂತಿತು.

ಅಣ್ಣ ಎದೆನೋವು ಅಂತ ಸಕಲೇಶಪುರದ ಆಸ್ಪತ್ರೆಗೆ ಹೋದವನು ಹೆಣವಾಗಿ ಬಂದು ವರ್ಷ ದಾಟಿತ್ತು. ಅತ್ತಿಗೆ ಒಂದು ದಿನವೂ ಅತ್ತಿರಲಿಲ್ಲ. ದಿನಾ ಅವನಿಗೊಂದು ತಟ್ಟೆ ಹಾಕುವುದು, ಕಾಯುವುದು, ತಾವು ಅರೆಹೊಟ್ಟೆಯಲ್ಲಿ ಏಳುವುದು. ಒಣಗಿ ಕಡ್ಡಿಯಾಗಿದ್ದರು. ದೀಪಾವಳಿಗೆ ಸತ್ತ ಹಿರಿಯರಿಗೆ ಬಾಳೆಲೆಯಲ್ಲಿ ಎಡೆ ಇಡಬೇಕು, ನಮ್ಮಲ್ಲಿ ಆ ಎಲೆಗೆ ಬಡಿಸುವುದು ಹಿರಿಸೊಸೆ. ಅಣ್ಣನ ಎಡೆ ಮಾತೆತ್ತಿದರೆ ಎದ್ದು ಹೋಗುತ್ತಿದ್ದರು. ಹೀಗೇ ಬಿಟ್ಟರೆ ಇವರನ್ನೂ ಕಳಕೊಳ್ಳುತ್ತೇವೆ ಅಂತ ನನಗೆ ಭಯವಾಗಿತ್ತು.

"ದಳವಾಯಿ ವಾಪಸ್ ಬರ್ತಾನೇನೋ?" ಅಂದರು ಅತ್ತಿಗೆ.

ನಾನು ಬಾಯಿ ತೆರೆಯುವಷ್ಟರಲ್ಲಿ ಆಳುಗಳಲ್ಲಿ ಹಿರಿಯವಳು ತೀರ್ಪು ಕೊಟ್ಟಳು. "ಎಡೆ ಇಟ್ಟವ್ರಾ ಅವನಿಗೆ? ಇಲ್ವಲ್ಲ. ಹಂಗಾದ್ರೆ ಹಿರಿಯರ ಜೊತೆ ಇನ್ನೂ ಸೇರಿಲ್ಲ ಕಣ್ರೀ. ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ, ನಡುವೆ ನಿಂತವ್ನೆ. ಬರಾಕೆ ದಾರಿ ಐತೆ."

ಎಲ್ಲರೂ ಹೌದು ಹೌದು ಅಂದರು. ಕಥೆ ಕಟ್ಟಿದವನನ್ನು ಕೇಳುವವರೇ ಇಲ್ಲ.

ಅತ್ತಿಗೆ ಕೈಲಿದ್ದ ಹಣ್ಣು ಬುಟ್ಟಿಗೆ ಹಾಕಿ ಕೇಳಿದರು, "ನಡುವೆ ನಿಂತೋರಿಗೆ ಹಸಿವಾಗಲ್ವಾ?"

"ಆಗದೆ ಇರ್ತದಾ ಅಮ್ಮೋರೆ? ಹಸ್ಕೊಂಡೇ ನಿಂತಿರ್ತಾರೆ."

"ತಟ್ಟೇಲಿ ಹಾಕಿಟ್ರೆ?"

"ತಟ್ಟೆ ಬದುಕಿರೋರಿಗೆ. ಅವ್ರಿಗೆ ಎಲೇನೇ ಆಗ್ಬೇಕು."

ಅತ್ತಿಗೆಯ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ.

ಹಬ್ಬದ ದಿನ ನಾನೇಳುವಷ್ಟರಲ್ಲಿ ಅವರು ಕೋಳಿ ಸಾರಿಗೆ ಮಸಾಲೆ ಅರೆದಾಗಿತ್ತು. "ನಿನ್ನ ದಳವಾಯಿಗೂ ಒಂದೆಲೆ ಹಾಕು. ಪಾಪ, ಅವನಿಗ್ಯಾರವ್ರೆ" ಅಂದರು. ಸುದ್ದಿ ಕೇಳಿ ಆಳುಗಳೂ ಬಂದರು. ಹಿರಿಯವಳು ನನ್ನನ್ನು ಪಕ್ಕಕ್ಕೆ ಕರೆದಳು. "ಯೋಚ್ನೆ ಮಾಡಿ ಗೌಡ್ರೇ. ಎಡೆ ಇಟ್ಮೇಲೆ ಅವನನ್ನ ಎಬ್ಬಿಸಂಗಿಲ್ಲ." ಗೊತ್ತು ಅಂದೆ. ಅಣ್ಣನ ವಿಷಯದಲ್ಲೂ ಅದೇ ಮಾತು ಅಂತ ಅರ್ಥವಾಯಿತು.

ಒಳಕೋಣೆಯಲ್ಲಿ ಎರಡು ಎಲೆ ಹಾಸಿದೆವು. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಇಡಬೇಕು. ಅಣ್ಣನಿಗೆ ಕಡುಬು, ಸಾರು, ಎಲೆ ಅಡಿಕೆ. ದಳವಾಯಿಗೆ ಏನಿಷ್ಟ ಅಂತ ನನ್ನನ್ನು ಕೇಳಿದರೆ ನನಗೇ ಗೊತ್ತಿಲ್ಲ. "ಯುದ್ಧ ಮಾಡೋನು, ಎರಡು ಕಡುಬು ಜಾಸ್ತಿ ಹಾಕಿ" ಅಂತ ಒಬ್ಬಳು ಬಗೆಹರಿಸಿದಳು. ಯಾರೂ ನಗಲಿಲ್ಲ. ಅತ್ತಿಗೆ ಎರಡೂ ಎಲೆಗೆ ಒಂದೇ ಶ್ರದ್ಧೆಯಿಂದ ಬಡಿಸಿದರು. ಹುಟ್ಟೇ ಇಲ್ಲದವನ ಎಲೆಯಿಂದ ಹಬೆ ಏಳುತ್ತಿತ್ತು. ನಾನು ಬಾಯಿಗೆ ಬಂದಂತೆ ಹುಟ್ಟಿಸಿ ಕೊಂದವನು ನಿಜವಾಗಿ ಹಸಿದು ಬಂದು ಹೊಸ್ತಿಲಲ್ಲಿ ನಿಂತಿದ್ದಾನೆ, ಪಕ್ಕದಲ್ಲೇ ಅಣ್ಣನೂ ನಿಂತಿದ್ದಾನೆ ಅನ್ನಿಸಿತು. ಕೈ ತಾನಾಗಿ ಮುಗಿಯಿತು.

ಅವರು ಉಣ್ಣಲಿ ಅಂತ ನಾವೆಲ್ಲ ಹೊರಗೆ ಬಂದು ಬಾಗಿಲು ಹಾಕಬೇಕು. ಅತ್ತಿಗೆ ಕೊನೆಯವರಾಗಿ ಬಂದು, ಬಾಗಿಲು ಹಿಡಿದು ಒಳಗೆ ನೋಡಿದರು.

"ಹೊಟ್ಟೆ ತುಂಬ ಉಣ್ಣಿ. ಉಂಡು ಹೊರಡಿ. ಇಷ್ಟು ದಿನ ನಾನೇ ನಿಮ್ಮನ್ನ ಹಸಿವಲ್ಲಿ ನಿಲ್ಲಿಸಿಟ್ಟಿದ್ದೆ."

ಬಾಗಿಲು ಎಳೆದುಕೊಂಡು, ಅದಕ್ಕೇ ಒರಗಿ ಕೂತು, ಗಟ್ಟಿಯಾಗಿ ಅತ್ತರು. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ. ಒಳಗಿನವರ ಊಟ ಮುಗಿಯುವವರೆಗೂ ನಾವೆಲ್ಲ ಅವರ ಸುತ್ತ ನೆಲದ ಮೇಲೆ ಕೂತಿದ್ದೆವು.